ಕರೆಂಟ್ ಹೋದರೆ ಬಾಗಿಲು ಏನು ಮಾಡುತ್ತದೆ?

ಅಣ್ಣನ ಮಗಳಿಗೆ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕಿತು. ಅವಳಿಗೊಂದು ಪೇಯಿಂಗ್ ಗೆಸ್ಟ್ ವಸತಿ ಹುಡುಕಲು ಅಣ್ಣ, ನಾನು, ಅವಳು ಮೂವರೂ ಎರಡು ದಿನ ಬೀದಿ ಬೀದಿ ಅಲೆದೆವು. ಐದನೆಯದೋ ಆರನೆಯದೋ ಮನೆ. ನಾಲ್ಕು ಅಂತಸ್ತು, ಅರವತ್ತು ಹುಡುಗಿಯರು. ಮಾಲೀಕರು ಮೊದಲು ತೋರಿಸಿದ್ದು ಅಡುಗೆಮನೆಯನ್ನಲ್ಲ, ಮುಂಬಾಗಿಲನ್ನು.

"ನೋಡಿ ಸಾರ್, ಬೆರಳು ಇಟ್ಟರೆ ಮಾತ್ರ ಬಾಗಿಲು. ಹೊರಗಿನ ಒಂದು ನೊಣವೂ ಒಳಗೆ ಬರಲ್ಲ."

ಅವರು ಗೋಡೆಯ ಪುಟ್ಟ ಯಂತ್ರದ ಮೇಲೆ ಬೆರಳಿಟ್ಟರು. 'ಟಕ್' ಎಂದಿತು, ಬಾಗಿಲು ಸಡಿಲವಾಯಿತು. ಅಣ್ಣನ ಮುಖದಲ್ಲಿ ಎರಡು ದಿನಗಳಲ್ಲಿ ಮೊದಲ ಬಾರಿಗೆ ಸಮಾಧಾನ ಕಂಡಿತು. ಊಟ ಹೇಗೆ, ಬಿಸಿನೀರು ಎಷ್ಟು ಹೊತ್ತಿಗೆ, ಅಡ್ವಾನ್ಸ್ ಎಷ್ಟು ಎಂಬ ಮಾತು ಶುರುವಾಯಿತು. ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳಿದ ಚಟ ನನ್ನದು. ಸುಮ್ಮನಿರಲಾಗದೆ ಕೇಳಿದೆ: "ಕರೆಂಟ್ ಹೋದರೆ ಈ ಬಾಗಿಲು ಏನು ಮಾಡತ್ತೆ?"

"ಬ್ಯಾಟರಿ ಇದೆ ಸಾರ್" ಎಂದು ಬಾಗಿಲ ಮೇಲಿನ ಬಿಳಿ ಡಬ್ಬಿಯತ್ತ ಕೈ ತೋರಿಸಿದರು. ಸ್ಟೂಲು ತರಿಸಿ ಹತ್ತಿದೆ. ಅಣ್ಣ "ಮಾರಾಯಾ, ಇಳಿ" ಎಂದು ಕಣ್ಣಲ್ಲೇ ಗದರಿಸಿದ. ಡಬ್ಬಿಯ ಮುಚ್ಚಳ ತೆಗೆದರೆ ಒಳಗೆ ವಿದ್ಯುತ್ ಪರಿವರ್ತಿಸುವ ಹಲಗೆ ಇತ್ತು. ಬ್ಯಾಟರಿ ಕೂರಬೇಕಾದ ಜಾಗ ಖಾಲಿ. ಕೆಂಪು, ಕಪ್ಪು ಎರಡು ತಂತಿಗಳು ತುದಿಗೆ ಟೇಪು ಸುತ್ತಿಕೊಂಡು ನೇತಾಡುತ್ತಿದ್ದವು.

ಮಾಲೀಕರು ಮುಚ್ಚುಮರೆ ಮಾಡಲಿಲ್ಲ. ಬ್ಯಾಟರಿ ಸತ್ತು ಎಂಟು ತಿಂಗಳಾಗಿತ್ತು. ಆಮೇಲೆ ಕರೆಂಟ್ ಹೋದಾಗಲೆಲ್ಲ ಬಾಗಿಲು ತನ್ನಷ್ಟಕ್ಕೆ ಬಿಟ್ಟುಕೊಳ್ಳುತ್ತಿತ್ತು. ಒಮ್ಮೆ ರಾತ್ರಿ ಯಾರೋ ಒಳಗೆ ನುಗ್ಗಿ ಎರಡು ಲ್ಯಾಪ್‌ಟಾಪ್ ಎತ್ತಿಕೊಂಡು ಹೋದರು. "ಅದಕ್ಕೇ ಸಾರ್, ರಾತ್ರಿ ಹತ್ತರ ಮೇಲೆ ಗ್ರಿಲ್ ಗೇಟಿಗೆ ಬೀಗ ಹಾಕಿಸ್ತೀನಿ. ಬೀಗದ ಕೈ ವಾಚ್‌ಮನ್ ಹತ್ರ ಇರತ್ತೆ."

"ವಾಚ್‌ಮನ್ ಎಲ್ಲಿ ಮಲಗ್ತಾನೆ?"

"ಹಿಂದಿನ ಶೆಡ್ಡಿನಲ್ಲಿ."

ಅರವತ್ತು ಹುಡುಗಿಯರು, ಒಂದೇ ದಾರಿ, ಅದಕ್ಕೊಂದು ಬೀಗ, ಅದರ ಕೈ ಮನೆಯ ಹಿಂದಿನ ಶೆಡ್ಡಿನಲ್ಲಿ. ಸಾವಿರ ರೂಪಾಯಿ ಆಸುಪಾಸಿನ ಒಂದು ಬ್ಯಾಟರಿಯನ್ನು ಬದಲಿಸದೆ ಹೋದದ್ದರಿಂದ ಇಷ್ಟಾಗಿತ್ತು. ರಾತ್ರಿ ಎರಡು ಗಂಟೆಗೆ ಅಡುಗೆಮನೆಯಲ್ಲಿ ಗ್ಯಾಸ್ ಹೊತ್ತಿಕೊಂಡರೆ ಎಂದು ನಾನು ಕೇಳಲಿಲ್ಲ. ಅಣ್ಣನ ಮುಖ ನೋಡಿದರೆ ಅವನೇ ಅದನ್ನು ಯೋಚಿಸುತ್ತಿದ್ದ ಹಾಗಿತ್ತು.

ಹಾಸ್ಟೆಲು, ಕೋಚಿಂಗ್ ಸೆಂಟರು, ಗ್ರಂಥಾಲಯ, ಆಫೀಸು ಎಲ್ಲೆಡೆ ಈಗ ಇಂಥ ಬಾಗಿಲುಗಳು. ಬೆರಳಚ್ಚೋ ಕಾರ್ಡೋ ಮುಖವೋ ಎಂದು ಮಾತಾಡುವವರು ಬಹಳ. ಆದರೆ ಬೀಗಕ್ಕೆ ಉಸಿರು ಕೊಡುವ ಆ ಬಿಳಿ ಡಬ್ಬಿಯ ಬಗ್ಗೆ, ಅಂದರೆ ಪವರ್ ಸಪ್ಲೈ ಬಗ್ಗೆ, ಕೇಳುವವರು ಕಡಿಮೆ. ಬಾಗಿಲು ಕಳ್ಳನಿಗೆ ಮುಚ್ಚಿರಬೇಕು, ಬೆಂಕಿ ಬಿದ್ದಾಗ ತೆರೆಯಬೇಕು. ಈ ಎರಡೂ ಕೆಲಸ ಆಗುತ್ತದೋ ಇಲ್ಲವೋ ಎಂಬುದು ಬೆರಳಚ್ಚಿನ ಯಂತ್ರಕ್ಕಿಂತ ಹೆಚ್ಚಾಗಿ ಆ ಡಬ್ಬಿಯ ಮೇಲೆ, ಅದರಿಂದ ಹೊರಟ ತಂತಿಯ ಮೇಲೆ ನಿಂತಿದೆ.

ಎರಡು ಜಾತಿಯ ಬೀಗ

ವಿದ್ಯುತ್ ಬೀಗಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದಕ್ಕೆ ಮುಚ್ಚಿರಲು ಕರೆಂಟ್ ಬೇಕು, ಇನ್ನೊಂದಕ್ಕೆ ತೆರೆಯಲು ಕರೆಂಟ್ ಬೇಕು.

ಮೊದಲನೆಯದು ವಿದ್ಯುತ್ಕಾಂತದ ಬೀಗ. ಅಂಗಡಿಯವರು ಮ್ಯಾಗ್ನೆಟಿಕ್ ಲಾಕ್ ಅಥವಾ ಇಎಂ ಲಾಕ್ ಎನ್ನುತ್ತಾರೆ. ಬಾಗಿಲ ಚೌಕಟ್ಟಿನ ಮೇಲ್ಭಾಗದಲ್ಲಿ ಒಂದು ಅಡಿ ಉದ್ದದ ಲೋಹದ ಕಂಬಿಯಂಥ ಪೆಟ್ಟಿಗೆ, ಬಾಗಿಲಿಗೆ ಒಂದು ಕಬ್ಬಿಣದ ಪಟ್ಟಿ, ಇಷ್ಟೇ. ಸುರುಳಿಯಲ್ಲಿ ಕರೆಂಟ್ ಹರಿದರೆ ಪಟ್ಟಿಯನ್ನು ಅಪ್ಪಿ ಹಿಡಿಯುತ್ತದೆ, ನಿಂತರೆ ಬಿಡುತ್ತದೆ. ಒಳಗೆ ಚಲಿಸುವ ಭಾಗ ಒಂದೂ ಇಲ್ಲ. ಇಂಗ್ಲೆಂಡಿನ ವಿಲಿಯಂ ಸ್ಟರ್ಜನ್ 1825ರಲ್ಲಿ ತೋರಿಸಿದ ವಿದ್ಯುತ್ಕಾಂತದ ತತ್ತ್ವವೇ ಇದು. ಅವನ ಕುದುರೆ ಲಾಳದಾಕಾರದ ಕಬ್ಬಿಣದ ತೂಕ 7 ಔನ್ಸ್, ಅದು ಎತ್ತಿದ್ದು 9 ಪೌಂಡ್. ಇಂದು ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗುವ ಬಾಗಿಲ ಬೀಗ 600 ಪೌಂಡಿನದು. ಎಂದರೆ ಸುಮಾರು 270 ಕಿಲೋ ತೂಕದಷ್ಟು ಬಲದಿಂದ ಎಳೆದರೂ ಬಿಡದು.

ಈ ಬೀಗದ ಹುಟ್ಟಿನ ಕತೆ ನಮ್ಮ ವಿಷಯಕ್ಕೆ ಹತ್ತಿರವಾದದ್ದು. ಕೆನಡಾದ ಮಾಂಟ್ರಿಯಲ್‌ನಲ್ಲಿ ಐಸ್ ಹಾಕಿ ಆಟಕ್ಕೆ ಹೆಸರಾದ ಫೋರಂ ಎಂಬ ದೊಡ್ಡ ಕ್ರೀಡಾಂಗಣವಿತ್ತು. ಅಲ್ಲಿನ ಬಾಗಿಲುಗಳಿಗೆ ಬೀಗ ಹಾಕುವುದರ ಬಗ್ಗೆ ಅಗ್ನಿಶಾಮಕ ಅಧಿಕಾರಿಗಳಿಗೆ ಆತಂಕ. ಬೆಂಕಿ ಬಿದ್ದರೆ ಜನ ಹೊರಗೆ ಬರುವುದು ಹೇಗೆ? ಹಾಗೆಂದು ಬಾಗಿಲು ತೆರೆದಿಟ್ಟರೆ ಟಿಕೆಟ್ ಇಲ್ಲದವರು ಒಳಗೆ ಬರುವುದನ್ನು ತಡೆಯುವುದು ಹೇಗೆ? 1969ರಲ್ಲಿ ಸಮ್ನರ್ ಸ್ಯಾಫಿರ್‌ಸ್ಟೈನ್ ಎಂಬವರು ಇದಕ್ಕೆ ವಿದ್ಯುತ್ಕಾಂತದ ಬೀಗವನ್ನು ರೂಪಿಸಿದರು. ಕರೆಂಟ್ ಕಡಿದರೆ ಸಾಕು, ಎಲ್ಲ ಬಾಗಿಲೂ ಒಟ್ಟಿಗೆ ಬಿಡುಗಡೆ. ಕಳ್ಳರ ಭಯಕ್ಕಿಂತ ಬೆಂಕಿಯ ಭಯದಿಂದ ಹುಟ್ಟಿದ ಬೀಗ ಇದು. ಅದರ ಜೊತೆಗೆ ಗ್ರಿಲ್ಲಿಗೆ ಇನ್ನೊಂದು ಬೀಗ ಜಡಿದರೆ ಅದನ್ನು ತಂದ ಉದ್ದೇಶವೇ ಹಾಳಾಯಿತು.

ಎರಡನೆಯ ಜಾತಿಯದು ಚಿಲಕದ ಬೀಗ. ಬಾಗಿಲ ಚಿಲಕದ ನಾಲಿಗೆ ಚೌಕಟ್ಟಿನ ಒಂದು ಕುಳಿಯಲ್ಲಿ ಕೂತಿರುತ್ತದೆ. ಕರೆಂಟ್ ಕೊಟ್ಟಾಗ ಆ ಕುಳಿಯ ಒಂದು ಬದಿ ಸಡಿಲವಾಗಿ ನಾಲಿಗೆಯನ್ನು ಬಿಟ್ಟುಕೊಡುತ್ತದೆ. ಇದಕ್ಕೆ ಎಲೆಕ್ಟ್ರಿಕ್ ಸ್ಟ್ರೈಕ್ ಎಂದು ಹೆಸರು. ಕರೆಂಟ್ ಇಲ್ಲದಾಗ ಹೊರಗಿನಿಂದ ಬಾಗಿಲು ಮುಚ್ಚಿಯೇ ಇರುತ್ತದೆ. ಹಾಗಾದರೆ ಒಳಗಿರುವವರ ಗತಿ? ಒಳಗಿನ ಹಿಡಿಕೆ ತಿರುಗಿಸಿದರೆ ನಾಲಿಗೆ ಹಿಂದೆ ಸರಿಯುತ್ತದೆ, ಅದಕ್ಕೆ ಕರೆಂಟಿನ ಹಂಗಿಲ್ಲ. ಸರಿಯಾಗಿ ಜೋಡಿಸಿದ್ದರೆ ಇದು ಬಲು ಒಳ್ಳೆಯ ಏರ್ಪಾಡು. ಒಳಗೆ ಹಿಡಿಕೆಯೇ ಇಲ್ಲದೆ ಇಂಥ ಬೀಗ ಹಾಕಿದ್ದರೆ ಅದು ಇಲಿಬೋನು. (ಕರೆಂಟ್ ಹೋದರೆ ತೆರೆದುಕೊಳ್ಳುವ ಸ್ಟ್ರೈಕ್‌ಗಳೂ ಇವೆ. ಕೊಳ್ಳುವಾಗ ಕೇಳಿ ತಿಳಿಯಬೇಕು. ನೋಡಲು ಎರಡೂ ಒಂದೇ ತರ.)

ಕರೆಂಟ್ ಹೋದಾಗ ತೆರೆಯುವುದಕ್ಕೆ ಫೇಲ್ ಸೇಫ್ ಎಂದೂ, ಮುಚ್ಚಿಯೇ ಇರುವುದಕ್ಕೆ ಫೇಲ್ ಸೆಕ್ಯೂರ್ ಎಂದೂ ಈ ಕಸುಬಿನವರು ಹೇಳುತ್ತಾರೆ. ಮಗನನ್ನೋ ಮಗಳನ್ನೋ ಎಲ್ಲಿಗಾದರೂ ಸೇರಿಸುವಾಗ ಈ ಎರಡು ಮಾತು ಗೊತ್ತಿದ್ದರೆ ಒಳ್ಳೆಯದು. ಯಾವ ಜಾತಿಯ ಬೀಗ ಎಂಬುದರ ಮೇಲೆ ಪವರ್ ಸಪ್ಲೈಯ ಲೆಕ್ಕವೇ ಬದಲಾಗುತ್ತದೆ. ಸ್ಟ್ರೈಕ್ ಬಾಗಿಲು ತೆರೆಯುವ ಆ ನಾಲ್ಕೈದು ಸೆಕೆಂಡು ಮಾತ್ರ ಕರೆಂಟ್ ಕುಡಿಯುತ್ತದೆ. ವಿದ್ಯುತ್ಕಾಂತದ ಬೀಗಕ್ಕೆ ಹಗಲಿರುಳೂ ಬೇಕು. 12 ವೋಲ್ಟಿನಲ್ಲಿ ಅರ್ಧ ಆಂಪಿಯರ್, ಎಂದರೆ 6 ವಾಟ್. ತಿಂಗಳಿಗೆ ನಾಲ್ಕು ಯೂನಿಟ್ ಚಿಲ್ಲರೆ. ಬಿಲ್ಲಿಗೆ ಇದು ದೊಡ್ಡ ಹೊರೆಯಲ್ಲ, ಬ್ಯಾಟರಿಗೆ ದೊಡ್ಡ ಹೊರೆ.

ಡಬ್ಬಿಯ ಲೆಕ್ಕ

ಆ ಪಿಜಿಯ ಮುಂಬಾಗಿಲನ್ನೇ ತೆಗೆದುಕೊಳ್ಳೋಣ. ಪಿಯುಸಿ ವಿಜ್ಞಾನ ಓದುವ ಯಾರಾದರೂ ಮಾಡಬಹುದಾದ ಲೆಕ್ಕ.

ಬೀಗಕ್ಕೆ 0.5 ಆಂಪಿಯರ್. ಬೆರಳಚ್ಚಿನ ಯಂತ್ರಕ್ಕೆ, ಅದರ ಪುಟ್ಟ ಪರದೆ, ದೀಪ ಎಲ್ಲ ಸೇರಿ, 0.3 ಎಂದಿಟ್ಟುಕೊಳ್ಳಿ. (ನಿಜವಾದ ಅಂಕಿ ಯಂತ್ರದ ಹಿಂಬದಿಯ ಚೀಟಿಯಲ್ಲೇ ಇರುತ್ತದೆ. ಅಲ್ಲಿ ಬರೆದಿರುವ ಗರಿಷ್ಠ ಅಂಕಿಯನ್ನೇ ಹಿಡಿಯಬೇಕು.) ಒಟ್ಟು 0.8. ಯಾವ ಪವರ್ ಸಪ್ಲೈಯನ್ನೂ ಕುತ್ತಿಗೆಮಟ್ಟ ದುಡಿಸಬಾರದು. ದುಡಿಸಿದರೆ ಕಾಯುತ್ತದೆ, ಬೇಗ ಸಾಯುತ್ತದೆ. ಕಾಲುಭಾಗ ಹೆಚ್ಚಿಗೆ ಸೇರಿಸಿದರೆ 1 ಆಂಪಿಯರ್. ಜೊತೆಗೆ 7 ಆಂಪಿಯರ್-ಗಂಟೆಯ ಬ್ಯಾಟರಿಯನ್ನು ಮರುಪೂರಣ ಮಾಡಲು ಅದರ ಹತ್ತನೇ ಒಂದು ಭಾಗ, 0.7. ಕೂಡಿದರೆ 1.7. ಆದ್ದರಿಂದ 2 ಆಂಪಿಯರಿನದು ಅಂಚಿನಲ್ಲಿ ಸಾಕು, 3 ಆಂಪಿಯರಿನದು ನೆಮ್ಮದಿ. ಅಂಗಡಿಯಲ್ಲಿ ಈ ಕೆಲಸಕ್ಕೆಂದೇ 3 ಮತ್ತು 5 ಆಂಪಿಯರಿನ ಡಬ್ಬಿಗಳು ಸಿಗುತ್ತವೆ.

ಇಲ್ಲೊಂದು ಸಾಮಾನ್ಯ ತಪ್ಪು ತಿಳಿವಳಿಕೆ. 5 ಆಂಪಿಯರಿನ ಸಪ್ಲೈ ಹಾಕಿದರೆ ಬೀಗ ಸುಟ್ಟುಹೋದೀತೇ ಎಂದು ಹಲವರು ಹೆದರುತ್ತಾರೆ. ಇಲ್ಲ. ವೋಲ್ಟ್ ಸರಿಯಿದ್ದರೆ ಬೀಗ ತನಗೆ ಬೇಕಾದಷ್ಟೇ ಎಳೆದುಕೊಳ್ಳುತ್ತದೆ. ದೊಡ್ಡ ಕೆರೆಯಿಂದ ಬಿಂದಿಗೆ ತುಂಬಿದರೆ ಬಿಂದಿಗೆ ಒಡೆಯುವುದಿಲ್ಲ. ಆದರೆ 12 ವೋಲ್ಟಿನ ಬೀಗಕ್ಕೆ 24 ವೋಲ್ಟ್ ಕೊಟ್ಟರೆ ಖಂಡಿತ ಸುಡುತ್ತದೆ.

ಇನ್ನು ಬ್ಯಾಟರಿ ಎಷ್ಟು ಹೊತ್ತು ತಡೆಯುತ್ತದೆ? 7ನ್ನು 0.8ರಿಂದ ಭಾಗಿಸಿದರೆ ಎಂಟೂಮುಕ್ಕಾಲು ಗಂಟೆ. ಇದು ಕಾಗದದ ಲೆಕ್ಕ. ಮೇಲೆ ಬರೆದ 7 ಎಂಬ ಅಂಕಿ ಇಪ್ಪತ್ತು ಗಂಟೆ ಕಾಲ ನಿಧಾನವಾಗಿ, ಎಂದರೆ 0.35 ಆಂಪಿಯರಿನಂತೆ, ಹೀರಿದಾಗ ಸಿಗುವಂಥದು. ಅವಸರದಲ್ಲಿ ಹೀರಿದರೆ ಅಷ್ಟು ಸಿಗದು. ಬ್ಯಾಟರಿ ಹಳತಾದಂತೆ ಇನ್ನೂ ಕಡಿಮೆ. ಐದಾರು ಗಂಟೆ ಎಂದುಕೊಳ್ಳುವುದು ಜಾಣತನ.

ಈ ಮುಚ್ಚಿದ ಸೀಸ-ಆಮ್ಲದ ಬ್ಯಾಟರಿಗೆ ಬಿಸಿಲೆಂದರೆ ಆಗದು. ಉಷ್ಣತೆ 10 ಡಿಗ್ರಿ ಏರಿದರೆ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆಂದು ಕಸುಬಿನವರ ಲೆಕ್ಕ. ಬೆಂಗಳೂರಿನ ನೆರಳಲ್ಲಿ ನಾಲ್ಕು ವರ್ಷ ಬಾಳುವುದು ರಾಯಚೂರಿನಲ್ಲಿ ಪಶ್ಚಿಮದ ಗೋಡೆಗೆ ನೇತುಹಾಕಿದರೆ ಎರಡೇ ವರ್ಷಕ್ಕೆ ಮುಗಿದೀತು. ಅದು ಸಾಯುವುದೂ ಸದ್ದಿಲ್ಲದೆ. ಕರೆಂಟ್ ಇರುವಷ್ಟು ದಿನ ಬಾಗಿಲು ಚೆನ್ನಾಗಿಯೇ ಕೆಲಸ ಮಾಡುತ್ತಿರುತ್ತದೆ, ಬ್ಯಾಟರಿ ಸತ್ತದ್ದು ಕತ್ತಲಾದ ರಾತ್ರಿಯೇ ತಿಳಿಯುವುದು. ಬ್ಯಾಟರಿಯ ಮೇಲೆ ಕೂರಿಸಿದ ತಾರೀಖನ್ನು ಬರೆದಿಡುವ ಎಲೆಕ್ಟ್ರಿಷಿಯನ್ ಸಿಕ್ಕರೆ ಅವನನ್ನು ಬಿಡಬೇಡಿ.

ಡಬ್ಬಿ ಕೊಳ್ಳುವಾಗ ಮಾಡುವ ಇನ್ನೊಂದು ಉಳಿತಾಯದ ಮಾತು ಹೇಳಲೇಬೇಕು. ಲ್ಯಾಪ್‌ಟಾಪ್ ಚಾರ್ಜರಿನಂಥ ಬರೀ 12 ವೋಲ್ಟಿನ ಅಡಾಪ್ಟರು ಅಗ್ಗ. ಅದನ್ನೇ ತಂದು, ಬ್ಯಾಟರಿಯನ್ನೂ ಅದಕ್ಕೇ ಜೋಡಿಸಿಬಿಡುವವರಿದ್ದಾರೆ. 12 ವೋಲ್ಟಿನ ಬ್ಯಾಟರಿ ಪೂರ್ತಿ ತುಂಬಿ, ತುಂಬಿದ ಹಾಗೇ ಉಳಿಯಬೇಕಾದರೆ 13.5ರಿಂದ 13.8 ವೋಲ್ಟ್ ಬೇಕು. ಬರೀ 12 ಕೊಟ್ಟರೆ ಅದು ಎಂದೂ ತುಂಬದು, ಅರೆಹೊಟ್ಟೆಯಲ್ಲೇ ಕೊರಗಿ ಸಾಯುತ್ತದೆ. ಬ್ಯಾಟರಿಯನ್ನು ಹದವಾಗಿ ತುಂಬುವ, ಅದು ಸುಮಾರು ಹತ್ತೂವರೆ ವೋಲ್ಟಿಗೆ ಇಳಿದಾಗ ತಾನೇ ಸಂಪರ್ಕ ಕಡಿದು ಕಾಪಾಡುವ ಸರ್ಕ್ಯೂಟ್ ಇರುವ ಡಬ್ಬಿಯನ್ನೇ ಕೇಳಿ ಕೊಳ್ಳಬೇಕು.

"ನಮ್ಮಲ್ಲಿ ಜನರೇಟರ್ ಇದೆ, ಬ್ಯಾಟರಿ ಯಾಕೆ?" ಎಂದು ಕೆಲವರು ಕೇಳುತ್ತಾರೆ. ಜನರೇಟರ್ ಎದ್ದು ನಿಲ್ಲಲು ಹಲವು ಸೆಕೆಂಡು ಬೇಕು. ಅಷ್ಟು ಹೊತ್ತು ಬಾಗಿಲು ಎಲ್ಲರಿಗೂ ತೆರೆದದ್ದೇ.

ತಂತಿಯಲ್ಲಿ ಸೋರುವ ವೋಲ್ಟ್

ಡಬ್ಬಿ ಸರಿಯಿದ್ದೂ ಬೀಗ ಸರಿಯಾಗಿ ಹಿಡಿಯುವುದಿಲ್ಲ ಎಂಬ ದೂರು ಬಹಳ ಕಡೆ ಕೇಳಿದ್ದೇನೆ. ತಪ್ಪು ಹೆಚ್ಚಾಗಿ ತಂತಿಯಲ್ಲಿರುತ್ತದೆ. ಇಲ್ಲಿ ಓಮ್‌ನ ನಿಯಮ ಪರೀಕ್ಷೆಯ ಹಾಳೆಯಿಂದ ಇಳಿದು ಬಾಗಿಲಿಗೆ ಬರುತ್ತದೆ.

12 ವೋಲ್ಟಿನಲ್ಲಿ ಅರ್ಧ ಆಂಪಿಯರ್ ಎಳೆಯುವ ಬೀಗದ ರೋಧ 24 ಓಮ್. ಪವರ್ ಸಪ್ಲೈ ಆಫೀಸು ಕೋಣೆಯಲ್ಲಿ, ಬಾಗಿಲು 30 ಮೀಟರ್ ಆಚೆ. ಕೆಲಸದವನ ಕೈಯಲ್ಲಿ ಕಂಪ್ಯೂಟರ್ ನೆಟ್‌ವರ್ಕಿನ ಕೇಬಲ್ ಮಿಕ್ಕಿತ್ತು, ಅದರ ಒಂದು ಜೋಡಿ ಎಳೆಯನ್ನೇ ಎಳೆದುಬಿಟ್ಟ. ಆ ಎಳೆ ಬಲು ತೆಳು, ಕಿಲೋಮೀಟರಿಗೆ ಸುಮಾರು 84 ಓಮ್. ಹೋಗಲು 30, ಬರಲು 30, ಒಟ್ಟು 60 ಮೀಟರಿಗೆ 5 ಓಮ್. ಈಗ ಸರ್ಕ್ಯೂಟಿನ ಒಟ್ಟು ರೋಧ 29. ಹರಿಯುವ ಕರೆಂಟ್ 0.41 ಆಂಪಿಯರ್. ಬೀಗಕ್ಕೆ ಸಿಕ್ಕಿದ್ದು 10 ವೋಲ್ಟಿಗಿಂತ ತುಸು ಕಡಿಮೆ. ಉಳಿದ ಎರಡು ವೋಲ್ಟ್ ಗೋಡೆಯೊಳಗೆ ತಂತಿ ಬೆಚ್ಚಗಾಗುವುದಕ್ಕೆ ಖರ್ಚಾಯಿತು. ಮ್ಯಾಗ್ನೆಟ್ಟಿನ ಹಿಡಿತ ಸಡಿಲಾಯಿತು. ಕರೆಂಟ್ ಹೋಗಿ ಬ್ಯಾಟರಿಯ ವೋಲ್ಟ್ ಇಳಿಯತೊಡಗಿದರೆ ಇನ್ನೂ ಸಡಿಲ.

ಅದೇ ಜಾಗಕ್ಕೆ 1 ಚದರ ಮಿಲಿಮೀಟರಿನ ತಾಮ್ರದ ತಂತಿ ಎಳೆದಿದ್ದರೆ ರೋಧ 1 ಓಮ್ ಚಿಲ್ಲರೆ, ಬೀಗಕ್ಕೆ ಹನ್ನೊಂದೂವರೆ ವೋಲ್ಟ್ ತಲುಪುತ್ತಿತ್ತು.

ಇನ್ನೊಂದು ಉಪಾಯವೂ ಇದೆ. ಹಲವು ಬೀಗಗಳೊಳಗೆ ಎರಡು ಸುರುಳಿಗಳಿರುತ್ತವೆ. ಸಮಾಂತರವಾಗಿ ಜೋಡಿಸಿದರೆ 12 ವೋಲ್ಟಿಗೆ, ಸರಣಿಯಲ್ಲಿ ಜೋಡಿಸಿದರೆ 24 ವೋಲ್ಟಿಗೆ. 24ರಲ್ಲಿ ಕರೆಂಟ್ ಅರ್ಧ, ಕಾಲು ಆಂಪಿಯರ್ ಸಾಕು; ಬೀಗದ ರೋಧ 96 ಓಮ್. ಆಗ ಅದೇ ತೆಳು ತಂತಿಯ 5 ಓಮ್ ಲೆಕ್ಕಕ್ಕೇ ಬಾರದು, ಬೀಗಕ್ಕೆ 22.8 ವೋಲ್ಟ್ ಸಿಗುತ್ತದೆ. ಊರಿಂದೂರಿಗೆ ವಿದ್ಯುತ್ತನ್ನು ಲಕ್ಷಾಂತರ ವೋಲ್ಟಿಗೆ ಏರಿಸಿ ಸಾಗಿಸುವುದು ಯಾಕೆಂದು ಮಕ್ಕಳು ಕೇಳಿದರೆ ಈ ಬಾಗಿಲನ್ನು ತೋರಿಸಬಹುದು. ದೂರದ ಬಾಗಿಲುಗಳು ಹತ್ತಾರು ಇರುವ ಕಾಲೇಜು, ಆಸ್ಪತ್ರೆಗಳಲ್ಲಿ 24 ವೋಲ್ಟೇ ಮೇಲು ಎಂಬುದು ನನ್ನ ಅಭಿಪ್ರಾಯ. ಎರಡು ಬ್ಯಾಟರಿ ಬೇಕಾಗುತ್ತದೆ, ನಿಜ. ಒಂಟಿ ಬಾಗಿಲಿನ ಮನೆಗೆ 12 ಸಾಕು.

ಸುರುಳಿಗೆ ಇನ್ನೊಂದು ಗುಣ ಇದೆ. ಅದರಲ್ಲಿ ಹರಿಯುವ ಕರೆಂಟನ್ನು ಫಕ್ಕನೆ ನಿಲ್ಲಿಸಿದರೆ ಅದು ಪ್ರತಿಭಟಿಸುತ್ತದೆ, ಒಂದು ಕ್ಷಣ ತಿರುಗುಮುರುಗಾದ ದೊಡ್ಡ ವೋಲ್ಟೇಜನ್ನು ಹುಟ್ಟಿಸುತ್ತದೆ. ಲೆಂಜ್‌ನ ನಿಯಮ. 12 ವೋಲ್ಟಿನ ಬೀಗ ನೂರಾರು ವೋಲ್ಟಿನ ಚಿಮ್ಮು ಕೊಡಬಲ್ಲದು. ಬೆರಳಚ್ಚಿನ ಯಂತ್ರ ಅದೇ ತಂತಿಯಲ್ಲಿದ್ದರೆ ಆಗಾಗ ತಲೆ ಕೆಟ್ಟು ನಿಲ್ಲುವುದು, ಕೊನೆಗೊಂದು ದಿನ ಸಾಯುವುದು ಈ ಕಾರಣಕ್ಕೆ. ಮದ್ದು ಒಂದೆರಡು ರೂಪಾಯಿಯದು: ಬೀಗದ ಎರಡು ತುದಿಗಳಿಗೆ ಅಡ್ಡಲಾಗಿ 1ಎನ್4007 ಎಂಬ ಡಯೋಡು, ಅದರ ಬೆಳ್ಳಿ ಪಟ್ಟಿ ಇರುವ ತುದಿ ಪ್ಲಸ್ ಕಡೆಗೆ. ತಿರುಗಿಸಿ ಹಾಕಿದರೆ ಶಾರ್ಟ್ ಆಗುತ್ತದೆ, ಎಚ್ಚರ. ಅನುಕೂಲವಿದ್ದರೆ ಬೀಗಕ್ಕೊಂದು, ಯಂತ್ರಕ್ಕೊಂದು ಬೇರೆ ಬೇರೆ ಸಪ್ಲೈ ಇಡುವುದು ಇನ್ನೂ ಉತ್ತಮ.

ಹಸಿರು ಡಬ್ಬಿ ಎಲ್ಲಿರಬೇಕು?

ಒಳ್ಳೆಯ ಡಬ್ಬಿ, ಹೊಸ ಬ್ಯಾಟರಿ, ದಪ್ಪ ತಂತಿ ಎಲ್ಲ ಆಯಿತು. ಈಗ ಬೆಂಕಿ ಬಿತ್ತು ಅನ್ನಿ.

ಗಾಬರಿಯಲ್ಲಿ ಯಾರೋ ಓಡಿಹೋಗಿ ಮೇನ್ ಸ್ವಿಚ್ ಆರಿಸುತ್ತಾರೆ, ಅಥವಾ ಶಾರ್ಟ್ ಸರ್ಕ್ಯೂಟಿನಿಂದ ತಾನೇ ಆರುತ್ತದೆ. ಇಡೀ ಕಟ್ಟಡ ಕತ್ತಲು. ಕರೆಂಟ್ ಹೋದರೆ ವಿದ್ಯುತ್ಕಾಂತದ ಬೀಗ ಬಿಡುತ್ತದೆ ಎಂದು ಹೇಳಿದೆನಲ್ಲ? ಬಿಡುವುದಿಲ್ಲ. ಈಗ ಅದಕ್ಕೆ ಬ್ಯಾಟರಿ ಇದೆ. ಐದಾರು ಗಂಟೆ ಅದು 270 ಕಿಲೋ ಬಲದಿಂದ ಹಿಡಿದೇ ಇರುತ್ತದೆ. ಕಳ್ಳನಿಗಾಗಿ ತಂದ ಬ್ಯಾಟರಿ ಒಳಗಿದ್ದವರ ಪಾಲಿಗೆ ಶತ್ರುವಾಗುತ್ತದೆ.

ಈ ಒಂದು ಸಂಗತಿ ಗೊತ್ತಿಲ್ಲದೆ ಬೀಗ ಹಾಕಿಸುವವರು, ಹಾಕುವವರು ಇಬ್ಬರೂ ಇದ್ದಾರೆ. ಪರಿಹಾರ ಹಳೆಯದು, ಸುಲಭದ್ದು. ಬಾಗಿಲ ಪಕ್ಕದಲ್ಲಿ ಒಳಗಡೆ, ಕೈಗೆಟಕುವ ಎತ್ತರದಲ್ಲಿ, ಒಂದು ಹಸಿರು ಡಬ್ಬಿ. ಅದರ ಮುಖದ ಫಲಕವನ್ನು ಬೆರಳಿನಿಂದ ಒತ್ತಿದರೆ ಸಂಪರ್ಕ ಕಡಿಯುತ್ತದೆ. ಆದರೆ ಅದು ಎಲ್ಲಿ ಕಡಿಯಬೇಕು ಎಂಬುದೇ ಮುಖ್ಯ. ಗೋಡೆಯ ಪ್ಲಗ್ಗಿಗೂ ಪವರ್ ಸಪ್ಲೈಗೂ ನಡುವೆ ಕಡಿದರೆ ಪ್ರಯೋಜನವಿಲ್ಲ, ಬ್ಯಾಟರಿ ಆಚೆ ಇದೆ. ಬೆರಳಚ್ಚಿನ ಯಂತ್ರಕ್ಕೆ 'ಬಾಗಿಲು ತೆರೆ' ಎಂದು ಹೇಳಿಕಳಿಸುವಂತೆ ಜೋಡಿಸಿದರೂ ಸಾಲದು, ಯಂತ್ರವೇ ಸ್ತಬ್ಧವಾಗಿದ್ದರೆ ಹೇಳುವುದು ಯಾರಿಗೆ? ಪವರ್ ಸಪ್ಲೈಯಿಂದ ಬೀಗಕ್ಕೆ ಹೋಗುವ ಕಟ್ಟಕಡೆಯ ತಂತಿಯನ್ನೇ ಅದು ನೇರವಾಗಿ ತುಂಡರಿಸಬೇಕು. ಆಗ ಬ್ಯಾಟರಿ ಇದ್ದರೇನು, ಯಂತ್ರ ಕೆಟ್ಟಿದ್ದರೇನು, ಬೀಗ ಬಿಡಲೇಬೇಕು. ಕಟ್ಟಡದಲ್ಲಿ ಬೆಂಕಿಯ ಅಲಾರಂ ಇದ್ದರೆ ಅದರ ರಿಲೇಯೂ ಇದೇ ತಂತಿಯನ್ನು ಕಡಿಯುವಂತಿರಬೇಕು. ಹೊಗೆ ಕಂಡ ಕೂಡಲೇ ಯಾರೂ ಒತ್ತದೆಯೇ ಬಾಗಿಲು ಬಿಡುತ್ತದೆ.

ದಿನನಿತ್ಯ ಹೊರಗೆ ಹೋಗಲು ಒತ್ತುವ ಬಿಳಿ ಗುಂಡಿ ಬೇರೆ, ಈ ಹಸಿರು ಡಬ್ಬಿ ಬೇರೆ. ಬಿಳಿ ಗುಂಡಿ ಹೆಚ್ಚಾಗಿ ಯಂತ್ರದ ಮೂಲಕವೇ ಕೆಲಸ ಮಾಡುತ್ತದೆ. ಅದೊಂದೇ ಇರುವ ಕಡೆ ಸುರಕ್ಷಿತ ಎಂದುಕೊಳ್ಳಬೇಡಿ.

2024ರ ಜುಲೈ 27ರ ಸಂಜೆ ದೆಹಲಿಯ ಓಲ್ಡ್ ರಾಜಿಂದರ್ ನಗರದಲ್ಲಿ ಮಳೆನೀರು ಒಂದು ಕೋಚಿಂಗ್ ಸೆಂಟರಿನ ನೆಲಮಾಳಿಗೆಗೆ ನುಗ್ಗಿತು. ಅಲ್ಲಿನ ಗ್ರಂಥಾಲಯದಲ್ಲಿ ಓದುತ್ತಿದ್ದವರಲ್ಲಿ ಮೂವರು ಸತ್ತರು. ಉತ್ತರ ಪ್ರದೇಶ, ತೆಲಂಗಾಣ, ಕೇರಳಗಳಿಂದ ಐಎಎಸ್ ಪರೀಕ್ಷೆಗೆ ಓದಲು ಹೋಗಿದ್ದ ಮಕ್ಕಳು. ಅವರನ್ನು ಬಲಿ ತೆಗೆದುಕೊಂಡದ್ದು ನೀರು. ಆದರೆ ಕರೆಂಟ್ ಹೋಗಿ ಬೆರಳಚ್ಚಿನ ಬಾಗಿಲು ಸಿಕ್ಕಿಕೊಂಡಿತೆಂಬ ವಿದ್ಯಾರ್ಥಿಗಳ ಹೇಳಿಕೆಗಳು ಆಗ ಪತ್ರಿಕೆಗಳಲ್ಲಿ ಬಂದವು. ಅದನ್ನು ಓದಿದ ದಿನದಿಂದ ಎಲ್ಲಿ ಹೋದರೂ ನಾನು ಮೊದಲು ಬಾಗಿಲ ಮೇಲೆ ನೋಡುತ್ತೇನೆ.

ಬೀಗ ಎಲೆಕ್ಟ್ರಾನಿಕ್ ಆಗಿರಬೇಕೆಂದೇನೂ ಇಲ್ಲ. ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರುವರಿ 23ರಂದು ಬೆಂಕಿ ಬಿದ್ದು 9 ಜನ ಸತ್ತಾಗಲೂ ತುರ್ತು ದಾರಿಗಳು ಮುಚ್ಚಿದ್ದವೆಂಬ ದೂರು ಕೇಳಿಬಂದಿತ್ತು. ಹೊರದಾರಿಯ ಬಾಗಿಲನ್ನು ಒಳಗಿನವರು ಬೀಗದ ಕೈ ಇಲ್ಲದೆ ತೆರೆಯುವಂತಿರಬೇಕು ಎಂದು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಗ್ರಿಲ್ಲಿಗೆ ಬೀಗ ಹಾಕಿಸುವ ಮಾಲೀಕರಿಗೆ ಇದನ್ನು ಸಮಾಧಾನದಿಂದಲೇ ತಿಳಿಸಬಹುದು.

ಮನೆಯ ಡಿಜಿಟಲ್ ಬೀಗಗಳ ಬಗ್ಗೆ ಎರಡು ಮಾತು. ಅಪಾರ್ಟ್‌ಮೆಂಟುಗಳಲ್ಲಿ ಈಗ ಬಂದಿರುವ ಇವಕ್ಕೆ ತಂತಿಯಿಲ್ಲ, ಸಾಮಾನ್ಯವಾಗಿ ನಾಲ್ಕು ಪೆನ್ಸಿಲ್ ಸೆಲ್ಲಿನಲ್ಲಿ ತಿಂಗಳುಗಟ್ಟಲೆ ನಡೆಯುತ್ತವೆ. ಸೆಲ್ ಇಳಿದಾಗ ಕೀಚ್ ಕೀಚ್ ಎಂದು ಎಚ್ಚರಿಸುತ್ತವೆ. ಪೂರ್ತಿ ಸತ್ತರೂ ಅನೇಕ ಬೀಗಗಳಲ್ಲಿ ಹೊರಗಿನ ಕೆಳಅಂಚಿನಲ್ಲಿ ಎರಡು ಲೋಹದ ಚುಕ್ಕೆಗಳಿರುತ್ತವೆ. ಅಲ್ಲಿಗೆ 9 ವೋಲ್ಟಿನ ಚೌಕ ಬ್ಯಾಟರಿ ತಾಗಿಸಿ ಹಿಡಿದರೆ ಬೀಗಕ್ಕೆ ಅಷ್ಟು ಹೊತ್ತು ಜೀವ ಬರುತ್ತದೆ. ಹೊಸತರಲ್ಲಿ ಅದರ ಬದಲು ಮೊಬೈಲಿನ ಪವರ್ ಬ್ಯಾಂಕ್ ಸಿಕ್ಕಿಸುವ ತೂತು. ಒಳಗಿನಿಂದ ಹಿಡಿಕೆ ತಿರುಗಿಸಿದರೆ ಸೆಲ್ ಇಲ್ಲದೆಯೂ ತೆರೆಯಬೇಕು. ಮನೆಯಲ್ಲಿ ಒಬ್ಬರೇ ಇರುವ ಅಜ್ಜಿಯ ಕೈಯಿಂದ ಇದನ್ನೊಮ್ಮೆ ಮಾಡಿಸಿ ನೋಡಿ. ಜೊತೆಗೆ ಬಂದ ಲೋಹದ ಕೀಲಿಯನ್ನು ಮನೆಯೊಳಗಿನ ಗೋದ್ರೇಜ್ ಬೀರುವಿನಲ್ಲಿ ಭದ್ರವಾಗಿಟ್ಟು ಹೊರಗೆ ನಿಂತು ಒದ್ದಾಡಿದವರು ನನ್ನ ಸ್ನೇಹಿತರಲ್ಲೇ ಇಬ್ಬರಿದ್ದಾರೆ.

ಮಕ್ಕಳನ್ನು ಸೇರಿಸುವ ಮುನ್ನ ಬಾಗಿಲನ್ನು ಪರೀಕ್ಷಿಸಲು ಎಂಜಿನಿಯರ್ ಆಗಬೇಕಿಲ್ಲ. ಮಾಲೀಕರಿಗೆ ಹೇಳಿ ಮೇನ್ ಸ್ವಿಚ್ ಆರಿಸಿ, ಹೊರಗಿನಿಂದ ಎಳೆಯಿರಿ, ಬಾಗಿಲು ಹಿಡಿದಿರಬೇಕು. ಸ್ವಿಚ್ ಆರಿಸಿಯೇ ಇರುವಾಗ ಒಳಗೆ ಬಂದು ಹಸಿರು ಡಬ್ಬಿ ಒತ್ತಿ, ಬಾಗಿಲು ಬಿಡಬೇಕು. ಎರಡು ನಿಮಿಷದ ಕೆಲಸ. ಚಿಲಕದ ಬೀಗವಾದರೆ ಡಬ್ಬಿಯ ಬದಲು ಒಳಗಿನ ಹಿಡಿಕೆ ತಿರುಗಿಸಿ ನೋಡಿದರಾಯಿತು. ಸ್ಟೂಲು ಹತ್ತಿ ಡಬ್ಬಿ ಬಿಚ್ಚುವ ನನ್ನ ಚಾಳಿಯನ್ನು ಅನುಸರಿಸಬೇಡಿ, ಅದರೊಳಗೆ 230 ವೋಲ್ಟೂ ಇರುತ್ತದೆ.

ಆ ಪಿಜಿಯ ಮಾಲೀಕರು ಕೆಟ್ಟವರಲ್ಲ, ಅವರಿಗೆ ಹೇಳಿದವರಿರಲಿಲ್ಲ. ಮುಂದಿನ ವಾರವೇ ಎಲೆಕ್ಟ್ರಿಷಿಯನ್‌ನನ್ನು ಕರೆಸಿದರು. ಹೊಸ ಬ್ಯಾಟರಿ ಬಂತು, ಬಾಗಿಲ ಪಕ್ಕಕ್ಕೆ ಹಸಿರು ಡಬ್ಬಿ ಬಂತು. ಗ್ರಿಲ್ಲಿನ ಬೀಗ ಈಗ ಬಾಯಿ ತೆರೆದುಕೊಂಡು ಒಂದು ಮೊಳೆಗೆ ನೇತುಬಿದ್ದಿದೆ. ಅಣ್ಣ ಅಡ್ವಾನ್ಸ್ ಕೊಟ್ಟ.

ತಿಂಗಳೊಪ್ಪತ್ತಿನ ಮೇಲೆ ಒಂದು ರಾತ್ರಿ ಒಂಬತ್ತಕ್ಕೆ ಅವಳ ಫೋನು ಬಂತು. "ಚಿಕ್ಕಪ್ಪ, ಇಲ್ಲಿ ಜೋರು ಮಳೆ, ಕರೆಂಟ್ ಹೋಗಿದೆ. ಬಾಗಿಲು ಗಟ್ಟಿ ಹಿಡ್ಕೊಂಡಿದೆ. ನೀವು ಹೇಳಿದ್ರಲ್ಲ ಅಂತ ಹಸಿರು ಡಬ್ಬಿನೂ ಒತ್ತಿ ನೋಡಿದೆ. ಫಟ್ ಅಂತ ಬಿಡ್ತು."

"ಭೇಷ್."

"ಭೇಷ್ ಅಂತೆ! ಅದನ್ನ ಮತ್ತೆ ಮೊದಲಿನ ಹಾಗೆ ಮಾಡೋಕೆ ಒಂದು ಪ್ಲಾಸ್ಟಿಕ್ ಕೀಲಿ ಬೇಕಂತೆ. ಅದು ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ. ಬಾಗಿಲು ತೆರೆದೇ ಇದೆ, ವಾರ್ಡನ್ ಆಂಟಿ ಕುರ್ಚಿ ಹಾಕ್ಕೊಂಡು ಬಾಗಿಲಲ್ಲೇ ಕೂತಿದಾರೆ, ನನ್ನನ್ನ ಬೈತಾ ಇದಾರೆ."